ಅಜ್ಜಿಯಿಲ್ಲದ ಊರಿಗೆ ಪುಟ್ಟ ಮಕ್ಕಳೊಂದಿಗೆ: ಹಾಸನದಿಂದ ಹೊರಡುವವರಿಗೆ

ಹಾಸನ, ಸಕಲೇಶಪುರ, ಅರಸೀಕೆರೆ ಕಡೆಯ ಹುಡುಗ ಹುಡುಗಿಯರು ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಹೋಗುವುದು ಹಳೆಯ ಮಾತು. ಅಲ್ಲಿಂದ ಮುಂದೆ ನೆದರ್ಲೆಂಡ್ಸ್‌ಗೆ ಹಾರುವವರೂ ಈಗ ನಮ್ಮ ನೆಂಟರಲ್ಲೇ ಸಿಗುತ್ತಾರೆ. ಚಿಪ್ ತಯಾರಿಸುವ ಯಂತ್ರಗಳನ್ನು ಮಾಡುವ ಎಎಸ್‌ಎಂಎಲ್ ಕಂಪನಿ ಇರುವುದು ಐಂಡ್‌ಹೋವನ್ ನಗರದ ಪಕ್ಕದ ಫೆಲ್ಡ್‌ಹೋವನ್‌ನಲ್ಲಿ. ಆ ಭಾಗದಲ್ಲಿ ಇಂಥ ಕೆಲಸ ಕೊಡುವ ಕಂಪನಿಗಳು ಇನ್ನೂ ಹಲವು. ಗಂಡ ಹೆಂಡತಿ ಇಬ್ಬರೇ ಹೋದರೆ ಹೇಗೋ ನಡೆಯುತ್ತದೆ. ಮೂರು ವರ್ಷದ ಮಗುವಿದ್ದರೆ ಲೆಕ್ಕ ಬೇರೆ. ಆ ದೇಶವನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನ ಬರೆದಿದ್ದೇನೆ. ಬೇರೆ ದೇಶಕ್ಕೆ ಹೋಗುವವರಿಗೆ ನಿಯಮಗಳು ಬದಲಾಗುತ್ತವೆ, ಕ್ರಮ ಹೆಚ್ಚೇನೂ ಬದಲಾಗುವುದಿಲ್ಲ.

1. ಸೂಟ್‌ಕೇಸಿಗಿಂತ ಮೊದಲು ಒಂದು ಪಟ್ಟಿ

ಒಂದು ಹಾಳೆ ತೆಗೆದುಕೊಂಡು, ಈಗ ನಿಮ್ಮ ಮಗುವಿನ ಒಂದು ದಿನದಲ್ಲಿ ಯಾವ ಕೆಲಸ ಯಾರು ಮಾಡುತ್ತಾರೆ ಎಂದು ಬರೆಯಿರಿ. ಬೆಳಿಗ್ಗೆ ಎಬ್ಬಿಸುವವರು, ಕಥೆ ಹೇಳಿ ತುತ್ತು ತಿನ್ನಿಸುವ ಅಜ್ಜಿ, ಶಾಲೆ ವ್ಯಾನಿಗೆ ಹತ್ತಿಸುವ ತಾತ, ಸಂಜೆ ಆಡಿಸುವ ಪಕ್ಕದ ಮನೆಯ ಅಕ್ಕ, ಜ್ವರ ಬಂದರೆ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗುವ ಚಿಕ್ಕಪ್ಪ, ಪಾತ್ರೆ ತೊಳೆದು ನೆಲ ಒರೆಸುವ ಕೆಲಸದವರು. ಪ್ರತಿ ಹೆಸರಿನ ಮುಂದೆ, ಅಲ್ಲಿಗೆ ಹೋದ ಮೇಲೆ ಆ ಕೆಲಸ ಯಾರದು ಎಂದು ಬರೆಯಿರಿ. ಹೆಚ್ಚಿನ ಮನೆಗಳಲ್ಲಿ ಎಲ್ಲದರ ಮುಂದೆಯೂ ‘ಅಮ್ಮ’ ಎಂದೇ ಬರುತ್ತದೆ. ಹಾಗೆ ಬಂದರೆ ಹಾಳೆಯನ್ನು ಪಕ್ಕಕ್ಕಿಡಬೇಡಿ, ಗಂಡ ಹೆಂಡತಿ ಕೂತು ಅರ್ಧ ಕೆಲಸಗಳನ್ನು ಅಪ್ಪನ ಹೆಸರಿಗೆ ಬರೆದ ಮೇಲೆಯೇ ಟಿಕೆಟ್ ಮಾತು. ಅಲ್ಲಿ ವಾರಕ್ಕೆ ನಾಲ್ಕು ದಿನ ಮಾತ್ರ ಕೆಲಸ ಮಾಡಿ ಐದನೆಯ ದಿನ ಮಗುವನ್ನು ನೋಡಿಕೊಳ್ಳುವ ಅಪ್ಪಂದಿರು ಬೇಕಾದಷ್ಟು ಜನ ಇದ್ದಾರೆ, ಆಫೀಸಿನಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಅಡುಗೆ ಗೊತ್ತಿಲ್ಲದ ಅಪ್ಪ ಊರಿನಲ್ಲಿರುವಾಗಲೇ ಅನ್ನ, ಸಾರು, ಉಪ್ಪಿಟ್ಟು ಕಲಿತುಬಿಡಲಿ. ಅಮ್ಮನ ಮನೆಯ ಅಡುಗೆಮನೆಯಲ್ಲಿ ಉಪ್ಪು ಹೆಚ್ಚಾದರೆ ಸರಿಪಡಿಸುವವರಾದರೂ ಇರುತ್ತಾರೆ.

2. ಕಾಗದ ಪತ್ರ: ಹೆಸರಿನ ಕಾಲಂ ನೋಡಿ

ಮಗುವಿನ ಜನನ ಪ್ರಮಾಣಪತ್ರ ತೆಗೆದು ಮೊದಲು ಹೆಸರು ಇದೆಯೇ ನೋಡಿ. ಆಸ್ಪತ್ರೆಯಿಂದ ಮಾಹಿತಿ ಹೋಗುವ ಹೊತ್ತಿಗೆ ನಾಮಕರಣವೇ ಆಗಿರುವುದಿಲ್ಲ, ಹಾಗಾಗಿ ಆ ಜಾಗ ಖಾಲಿ ಉಳಿದಿರುವುದುಂಟು. ನೋಂದಣಿಯಾಗಿ 12 ತಿಂಗಳಾಗುವವರೆಗೆ ಶುಲ್ಕವಿಲ್ಲದೆ, ಆಮೇಲೆ 15 ವರ್ಷದವರೆಗೆ ಶುಲ್ಕ ಕಟ್ಟಿ ಹೆಸರು ಸೇರಿಸಬಹುದು. ನಮ್ಮ ಕಡೆಯ ಇನ್ನೊಂದು ತೊಡಕು ಇನಿಷಿಯಲ್. ಅಪ್ಪನ ಒಂದು ದಾಖಲೆಯಲ್ಲಿ ಊರಿನ ಹೆಸರಿನ ‘ಎಚ್’ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಅಮ್ಮನ ಹೆಸರಿನ ಮುಂದೆ ಮದುವೆಗೆ ಮೊದಲು ಒಂದು, ಆಮೇಲೆ ಇನ್ನೊಂದು. ಅಪ್ಪ, ಅಮ್ಮ, ಮಗು ಮೂವರ ಹೆಸರೂ ಪಾಸ್‌ಪೋರ್ಟ್, ಜನನ ಪ್ರಮಾಣಪತ್ರ, ವಿವಾಹ ನೋಂದಣಿ ಪತ್ರಗಳಲ್ಲಿ ಒಂದೊಂದು ಅಕ್ಷರವೂ ಒಂದೇ ಆಗಿರಬೇಕು. ಅಲ್ಲಿನ ನೋಂದಣಿ ಪುಸ್ತಕದಲ್ಲಿ ಒಮ್ಮೆ ತಪ್ಪು ಬಿದ್ದರೆ ಬ್ಯಾಂಕು, ವಿಮೆ, ಶಾಲೆ ಎಲ್ಲದರಲ್ಲೂ ಅದೇ ತಪ್ಪು ಸುತ್ತುತ್ತದೆ.

ಜನನ ಮತ್ತು ವಿವಾಹ ಪತ್ರಗಳಿಗೆ ರಾಜ್ಯ ಸರ್ಕಾರದ ದೃಢೀಕರಣ, ಅದರ ಮೇಲೆ ವಿದೇಶಾಂಗ ಸಚಿವಾಲಯದ ‘ಅಪೋಸ್ಟಿಲ್’ ಮುದ್ರೆ, ಅಂದರೆ ಪತ್ರ ಅಸಲಿ ಎಂದು ಬೇರೆ ದೇಶ ಒಪ್ಪುವ ಗುರುತು, ಬೇಕು. ಇದನ್ನು ಇಲ್ಲಿಂದಲೇ ಮುಗಿಸಿಕೊಂಡು ಹೋಗಿ. ಅಲ್ಲಿ ಹೋದ ಮೇಲೆ ಅಂಚೆಯಲ್ಲಿ ಮೂಲ ಪ್ರತಿ ಕಳಿಸಿ, ಮಾವನನ್ನು ಬೆಂಗಳೂರಿಗೆ ಓಡಾಡಿಸುವುದು ಯಾರಿಗೂ ಬೇಡ.

ಮಗುವಿನ ಪಾಸ್‌ಪೋರ್ಟ್ ಐದು ವರ್ಷಕ್ಕೆ ಮಾತ್ರ. ತಂದೆ ತಾಯಿ ಇಬ್ಬರೂ ಸಹಿ ಹಾಕಿದ ‘ಅನುಬಂಧ ಡಿ’ ಒಪ್ಪಿಗೆ ಪತ್ರ ಇಟ್ಟುಕೊಳ್ಳಿ. ಹಾಸನದ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇರುವುದರಿಂದ ಎಳೆ ಮಗುವನ್ನು ಎತ್ತಿಕೊಂಡು ಬೆಂಗಳೂರಿಗೆ ಹೋಗಬೇಕಿಲ್ಲ. ವೀಸಾ ಮತ್ತು ವಾಸದ ಪರವಾನಗಿಯ ಅರ್ಜಿಯನ್ನು ಸಾಮಾನ್ಯವಾಗಿ ಕೆಲಸ ಕೊಟ್ಟ ಕಂಪನಿಯೇ ಇಡೀ ಕುಟುಂಬಕ್ಕೆ ಸೇರಿಸಿ ಹಾಕುತ್ತದೆ.

ತಾಯಿ ಕಾರ್ಡ್ ಮತ್ತು ಲಸಿಕೆ ಪುಸ್ತಕ ಕೈಚೀಲದಲ್ಲೇ ಇರಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಹಾಕಿಸಿದ್ದರೆ ಮಗುವಿಗೆ ಸಿಕ್ಕಿರುವುದು ದಡಾರ ಮತ್ತು ರುಬೆಲ್ಲಾ ಲಸಿಕೆ. ಅಲ್ಲಿನ ಲಸಿಕೆಯಲ್ಲಿ ಮಂಗನಬಾವು ಕೂಡ ಸೇರಿದೆ. ಅಲ್ಲಿನ ಮಕ್ಕಳ ಆರೋಗ್ಯ ಕೇಂದ್ರದ ನರ್ಸ್ ಪುಸ್ತಕ ನೋಡಿ ಉಳಿದದ್ದನ್ನು ಹಾಕುತ್ತಾರೆ. ತಾರೀಕು ಓದಲು ಬಾರದ ಕೈಬರಹವಿದ್ದರೆ ಡಾಕ್ಟರ ಹತ್ತಿರ ಒಂದು ಹಾಳೆಯಲ್ಲಿ ಟೈಪ್ ಮಾಡಿಸಿ ಸೀಲು ಹಾಕಿಸಿಕೊಳ್ಳಿ.

3. ಮಗುವಿನ ಕೈಗೇ ಕೆಲಸ ಕೊಡಿ

ಹೊರಡುವ ಮೊದಲಿನ ತಿಂಗಳುಗಳಲ್ಲಿ ಇಂಗ್ಲಿಷ್ ಕಲಿಸಲು ಹೊರಟವರನ್ನು ಕಂಡಿದ್ದೇನೆ. ಅದು ಬೇಡ. ಮಗು ಹೋಗುವ ಸರ್ಕಾರಿ ಶಾಲೆಯಲ್ಲಿ ಮಾತಾಡುವುದು ಡಚ್. ಕಲಿಸಬೇಕಾದದ್ದು ಕೈಯಾರೆ ಊಟ ಮಾಡುವುದು, ಜಾಕೆಟ್ಟಿನ ಜಿಪ್ ಎಳೆದುಕೊಳ್ಳುವುದು, ಶೂ ಹಾಕಿಕೊಳ್ಳುವುದು, ಕಕ್ಕಸಿಗೆ ತಾನೇ ಹೋಗಿ ಬರುವುದು. ನಾಲ್ಕು ತುಂಬಿ ಶಾಲೆಗೆ ಸೇರುವ ಮಗು ಚಡ್ಡಿ ಒದ್ದೆ ಮಾಡಿಕೊಳ್ಳದಷ್ಟು ತಯಾರಾಗಿರಲಿ ಎಂದು ಅಲ್ಲಿನ ಶಾಲೆಗಳು ನಿರೀಕ್ಷಿಸುತ್ತವೆ. ಅಲ್ಲಿ ಚೊಂಬು ಇಲ್ಲ, ನೀರಿನ ಪೈಪೂ ಇಲ್ಲ. ಕಾಗದದಲ್ಲಿ ಒರೆಸಿಕೊಳ್ಳುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿಸಿ.

ಊಟದ ವಿಷಯದಲ್ಲಿ ಅಜ್ಜಿಯನ್ನು ಒಪ್ಪಿಸುವುದೇ ಕಷ್ಟದ ಭಾಗ. ‘ಇನ್ನು ಸ್ವಲ್ಪ ದಿನ ತಾನೇ ನನ್ನ ಹತ್ತಿರ ಇರೋದು, ತಿನ್ನಿಸ್ತೀನಿ ಬಿಡೋ’ ಎನ್ನುತ್ತಾರೆ. ಜಗಳ ಬೇಡ. ರಾತ್ರಿ ಊಟ ಅಜ್ಜಿಯ ಕೈಯಲ್ಲಿ, ಬೆಳಿಗ್ಗೆ ಮತ್ತು ಮಧ್ಯಾಹ್ನ ಮಗುವಿನ ಕೈಯಲ್ಲಿ ಎಂದು ಹಂಚಿಕೊಳ್ಳಿ.

4. ಏನು ಒಯ್ಯಬಾರದು

ತುಪ್ಪ. ಅಮ್ಮ ಪ್ರೀತಿಯಿಂದ ಕಾಯಿಸಿ ಡಬ್ಬಿಗೆ ತುಂಬಿ ಬಟ್ಟೆಯ ಮಧ್ಯೆ ಇಡುವ ಅದೇ ತುಪ್ಪ. ಐರೋಪ್ಯ ಒಕ್ಕೂಟಕ್ಕೆ ಹೊರಗಿನಿಂದ ಬರುವವರು ಹಾಲಿನ ಮತ್ತು ಮಾಂಸದ ಪದಾರ್ಥ ತರುವಂತಿಲ್ಲ. ಪೇಡ, ಕೋವಾ ಎಲ್ಲಕ್ಕೂ ಇದೇ ನಿಯಮ. ಹಸುಗೂಸಿನ ಹಾಲಿನ ಪುಡಿಗೆ ಮಾತ್ರ, ಕಂಪನಿಯ ಸೀಲು ಒಡೆಯದಿದ್ದರೆ, 2 ಕೆ.ಜಿ. ತನಕ ವಿನಾಯಿತಿ. ಹಸಿ ಕರಿಬೇವು, ನುಗ್ಗೆಕಾಯಿ, ನಿಂಬೆಹಣ್ಣನ್ನೂ ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಒಯ್ಯುವಂತಿಲ್ಲ. ತೆಂಗಿನಕಾಯಿ, ಬಾಳೆಹಣ್ಣಿಗೆ ಅಡ್ಡಿಯಿಲ್ಲ.

ರಾಗಿ ಹಿಟ್ಟು, ಸಾರಿನ ಪುಡಿ, ಒಣಗಿಸಿದ ಅವರೆಕಾಳು ಮೊದಲ ತಿಂಗಳಿಗೆ ಸಾಕಾಗುವಷ್ಟು ಒಯ್ದರೆ ಆಯಿತು. ಉಪ್ಪಿಲ್ಲದ ಬೆಣ್ಣೆ ಅಲ್ಲಿನ ಯಾವ ಅಂಗಡಿಯಲ್ಲೂ ಸಿಗುತ್ತದೆ, ಕಾಯಿಸಿದರೆ ತುಪ್ಪ. ಭಾರತದ ಅಂಗಡಿ ದೂರವಿದ್ದರೆ ಸುರಿನಾಮ್‌ನವರ ಅಂಗಡಿ ಹುಡುಕಿ. 1873ರಿಂದ ಉತ್ತರ ಭಾರತದ ಕೂಲಿಯಾಳುಗಳನ್ನು ಹಡಗಿನಲ್ಲಿ ಸುರಿನಾಮ್‌ಗೆ ಸಾಗಿಸಿದ್ದರು. ಅವರ ಮೊಮ್ಮಕ್ಕಳು ಮರಿಮಕ್ಕಳಲ್ಲಿ ಬಹಳ ಮಂದಿ ಈಗ ನೆದರ್ಲೆಂಡ್ಸ್‌ನಲ್ಲಿದ್ದಾರೆ. ಉದ್ದನೆಯ ಅಲಸಂದೆ ಕಾಯಿ, ಹಾಗಲಕಾಯಿ, ಮೆಣಸಿನಕಾಯಿ ಅವರಲ್ಲಿ ಸಿಗುತ್ತವೆ.

5. ಇಳಿದ ಮೊದಲ ವಾರ

ನಾಲ್ಕು ತಿಂಗಳಿಗಿಂತ ಹೆಚ್ಚು ಇರುವವರು ಇಳಿದ ಐದು ದಿನದೊಳಗೆ ಅಲ್ಲಿನ ನಗರಸಭೆಯಲ್ಲಿ ಹೆಸರು ನೋಂದಾಯಿಸಬೇಕು. ಮೊದಲೇ ಸಮಯ ಗೊತ್ತುಮಾಡಿಕೊಳ್ಳಿ. ಮಕ್ಕಳನ್ನೂ ಕರೆದುಕೊಂಡು ಹೋಗಬೇಕು. ‘ಬಿಎಸ್‌ಎನ್’ ಎಂಬ ನಾಗರಿಕ ಸಂಖ್ಯೆ ಸಿಗುವುದು ಅಲ್ಲಿಂದ. ತಾತ್ಕಾಲಿಕ ಮನೆ ಹಿಡಿಯುವಾಗ, ಆ ವಿಳಾಸದಲ್ಲಿ ನೋಂದಣಿಗೆ ಮಾಲೀಕರ ಒಪ್ಪಿಗೆ ಇದೆಯೇ ಎಂದು ಕೇಳಿಯೇ ಹಣ ಕಟ್ಟಿ.

ಮುಂದಿನದು ಆರೋಗ್ಯ ವಿಮೆ. 18 ವರ್ಷದೊಳಗಿನವರಿಗೆ ಕಂತು ಇಲ್ಲ, ಆದರೆ ನಾಲ್ಕು ತಿಂಗಳೊಳಗೆ ಅವರ ಹೆಸರಿನಲ್ಲೂ ವಿಮೆ ಮಾಡಿಸಲೇಬೇಕು. ಅದಾದ ಮೇಲೆ ಮನೆಯ ಹತ್ತಿರದ ಕುಟುಂಬ ವೈದ್ಯರಲ್ಲಿ ಹೆಸರು ಬರೆಸಿ. ಅವರನ್ನು ‘ಹೌಸ್‌ಆರ್ಟ್ಸ್’ ಎನ್ನುತ್ತಾರೆ. ಇಲ್ಲಿ ಸಂಜೆ ಮಕ್ಕಳ ಡಾಕ್ಟರ ಕ್ಲಿನಿಕ್ಕಿನಲ್ಲಿ ಟೋಕನ್ ತೆಗೆದುಕೊಂಡು ಕೂತರೆ ರಾತ್ರಿಯೊಳಗೆ ಸಿರಪ್ ಸಿಗುತ್ತದೆ. ಅಲ್ಲಿ ಮಕ್ಕಳ ತಜ್ಞರ ಬಳಿ ನೇರವಾಗಿ ಹೋಗುವಂತಿಲ್ಲ. ಮೊದಲು ಫೋನು, ಅಲ್ಲಿನ ಸಹಾಯಕಿ ಜ್ವರ ಎಷ್ಟು, ನೀರು ಕುಡಿಯುತ್ತಿದೆಯೇ, ಮೂತ್ರ ಮಾಡಿತೇ ಎಂದೆಲ್ಲ ಕೇಳಿ, ‘ಪ್ಯಾರಸಿಟಮಾಲ್ ಕೊಟ್ಟು ನೋಡಿ’ ಎನ್ನುವುದೇ ಹೆಚ್ಚು. ನಮ್ಮವರಿಗೆ ಇದು ಅಸಡ್ಡೆಯಂತೆ ಕಾಣುತ್ತದೆ. ನನ್ನ ಅಭಿಪ್ರಾಯದಲ್ಲಿ ಅದು ಅಸಡ್ಡೆಯಲ್ಲ, ಸಣ್ಣ ನೆಗಡಿಗೆಲ್ಲ ಆ್ಯಂಟಿಬಯಾಟಿಕ್ ಕೊಡುವ ಅಭ್ಯಾಸ ಅಲ್ಲಿಲ್ಲ. ಆದರೆ ನಿಮಗೆ ನಿಜಕ್ಕೂ ಆತಂಕವಿದ್ದರೆ ಸಂಕೋಚಪಡದೆ ‘ಮಗುವನ್ನು ನೋಡಲೇಬೇಕು’ ಎಂದು ಹೇಳಿ. ಫೋನ್ ಮಾಡುವ ಮೊದಲು ಜ್ವರವನ್ನು ಅಳೆದು ಬರೆದಿಟ್ಟುಕೊಂಡಿರಿ. ‘ಮೈ ಸುಡ್ತಿದೆ’ ಎಂದರೆ ಅವರಿಗೆ ಸಾಲದು. ರಾತ್ರಿ ಮತ್ತು ವಾರಾಂತ್ಯಕ್ಕೆ ಬೇರೆ ಕೇಂದ್ರವಿದೆ, ಅಲ್ಲಿಗೂ ಫೋನ್ ಮಾಡಿಯೇ ಹೋಗಬೇಕು. ಜೀವಕ್ಕೆ ಅಪಾಯವಿದ್ದರೆ 112.

6. ಶಿಶುವಿಹಾರ, ಶಾಲೆ

ನಾಲ್ಕು ವರ್ಷದೊಳಗಿನ ಮಕ್ಕಳ ಶಿಶುವಿಹಾರಗಳಿಗೆ ಕಾಯುವ ಪಟ್ಟಿ ದೊಡ್ಡದು. ಊರು ನಿರ್ಧಾರವಾದ ದಿನವೇ, ಹಾಸನದಿಂದಲೇ ಅರ್ಜಿ ಹಾಕಿ. ಶುಲ್ಕ ದುಬಾರಿ. ಅಪ್ಪ ಅಮ್ಮ ಇಬ್ಬರೂ ದುಡಿಯುತ್ತಿದ್ದರೆ ಅಥವಾ ಓದುತ್ತಿದ್ದರೆ ಸರ್ಕಾರ ಒಂದಿಷ್ಟು ಭರಿಸುತ್ತದೆ. ಒಬ್ಬರು ಮನೆಯಲ್ಲಿದ್ದರೆ ಆ ನೆರವು ಸಿಗುವುದಿಲ್ಲ. ಅಂಥವರು ಎರಡು ವರ್ಷ ದಾಟಿದ ಮಕ್ಕಳಿಗೆ ವಾರದಲ್ಲಿ ಕೆಲವೇ ಗಂಟೆ ನಡೆಯುವ ಆಟದ ತರಗತಿ ಹುಡುಕಿ. ಮಗುವಿನ ಕಿವಿಗೆ ಡಚ್ ಬೀಳಲು ಅಷ್ಟು ಸಾಕು.

ಶಾಲೆಗೆ ನಾಲ್ಕು ತುಂಬಿದಾಗ ಸೇರಬಹುದು, ಐದು ತುಂಬಿದ ಮೇಲೆ ಕಡ್ಡಾಯ. ಮೊದಲ ಎರಡು ತರಗತಿಗಳಲ್ಲಿ ಆಟ, ಹಾಡು, ಮಣ್ಣು, ಬಣ್ಣ. ಓದು ಬರಹ ಕ್ರಮವಾಗಿ ಶುರುವಾಗುವುದು ಮೂರನೆಯದರಲ್ಲಿ, ಆರು ವರ್ಷದ ಹೊತ್ತಿಗೆ. ಇದನ್ನು ಊರಿನ ಹಿರಿಯರಿಗೆ ಮೊದಲೇ ಹೇಳಿಡಿ. ಇಲ್ಲಿ ಯುಕೆಜಿ ಮಗು ಮಗ್ಗಿ ಹೇಳುತ್ತಿರುವಾಗ ಮೊಮ್ಮಗ ಅಲ್ಲಿ ‘ಇವತ್ತು ಹುಳ ಹುಡುಕಿದೆವು’ ಎಂದರೆ ತಾತನಿಗೆ ಎದೆ ಧಸಕ್ಕೆನ್ನುತ್ತದೆ. ಮಗುವಿಗೆ ಏನೂ ನಷ್ಟವಿಲ್ಲ. ಎರಡು ಮೂರು ವರ್ಷಕ್ಕೇ ವಾಪಸು ಬರುವುದು ಖಚಿತವಾಗಿದ್ದರೆ ಮಾತ್ರ ಮನೆಯಲ್ಲಿ ಕನ್ನಡ ಅಕ್ಷರ, ಲೆಕ್ಕ ನಡೆಸಿ.

ಮಧ್ಯಾಹ್ನದ ಬುತ್ತಿ ತಣ್ಣಗೇ ತಿನ್ನಬೇಕು, ಸಮಯವೂ ಕಡಿಮೆ. ಉಳಿದವರ ಡಬ್ಬಿಯಲ್ಲಿ ಬ್ರೆಡ್ಡು. ಅಕ್ಕಿ ರೊಟ್ಟಿ ಆರಿದರೆ ಚಕ್ಕೆಯಾಗುತ್ತದೆ. ಪಲ್ಯ ಸುತ್ತಿದ ಚಪಾತಿ, ದಪ್ಪನೆಯ ಉತ್ತಪ್ಪ, ಚಿತ್ರಾನ್ನ ನಡೆಯುತ್ತವೆ.

ಈಜು ತರಗತಿಗೂ ಆಗಲೇ ಹೆಸರು ಕೊಡಿ, ಅಲ್ಲೂ ಕಾಯಬೇಕು. ರಸ್ತೆಗಿಂತ ಕಾಲುವೆಯೇ ಹತ್ತಿರವಿರುವ ದೇಶ ಅದು. ಎ, ಬಿ, ಸಿ ಎಂದು ಮೂರು ಹಂತದ ಈಜು ಡಿಪ್ಲೊಮಾ ಪಡೆಯುವುದು ಅಲ್ಲಿನ ಮಕ್ಕಳಿಗೆ ಸಾಮಾನ್ಯ ಸಂಗತಿ.

7. ಬೆಳಕು, ಕತ್ತಲೆ

ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆ ಕತ್ತಲೆ, ಜೂನ್‌ನಲ್ಲಿ ರಾತ್ರಿ ಹತ್ತಾದರೂ ಬೆಳಕು. ದಪ್ಪ ಪರದೆ ಹಾಕದಿದ್ದರೆ ಮಗು ಮಲಗುವುದಿಲ್ಲ. ಮಳೆಯ ಕೋಟು, ಪ್ಯಾಂಟು, ಬೂಟು ಅಲ್ಲೇ ಕೊಳ್ಳಿ. ಮಳೆ ಬಂತೆಂದು ಅಲ್ಲಿ ಯಾರೂ ಮಕ್ಕಳನ್ನು ಒಳಗೆ ಕೂರಿಸುವುದಿಲ್ಲ. ಸಕಲೇಶಪುರದವರಿಗೆ ಇದು ಹೇಳಿಕೊಡಬೇಕಾದ ಪಾಠವಲ್ಲ.

8. ಅಜ್ಜಿಯ ಫೋನು

ನಮಗೂ ಅವರಿಗೂ ಬೇಸಿಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಅಂತರ. ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ಅಲ್ಲಿ ಗಡಿಯಾರ ತಿದ್ದುತ್ತಾರೆ. ಅಲ್ಲಿನ ಬಹಳಷ್ಟು ಶಾಲೆಗಳು ಬುಧವಾರ ಮಧ್ಯಾಹ್ನಕ್ಕೇ ಬಿಡುತ್ತವೆ. ಅಲ್ಲಿ ಒಂದು ಗಂಟೆ ಎಂದರೆ ಹಾಸನದಲ್ಲಿ ನಾಲ್ಕೂವರೆ ಅಥವಾ ಐದೂವರೆ, ಕಾಫಿ ಹೊತ್ತು. ವಾರದ ದೊಡ್ಡ ಮಾತುಕತೆಯನ್ನು ಅಲ್ಲಿಗೆ ಇಟ್ಟುಕೊಳ್ಳಿ.

ಫೋನ್ ಎತ್ತಿದ ಕೂಡಲೇ ‘ಅಜ್ಜಿಗೆ ಹಾಡು ಹೇಳು, ಪದ್ಯ ಹೇಳು’ ಎಂದು ಹಿಂದೆ ಬಿದ್ದರೆ ಮಗು ಎದ್ದು ಓಡುತ್ತದೆ. ಅಜ್ಜಿ ತಮ್ಮ ಪಾಡಿಗೆ ಅವರೆಕಾಯಿ ಸುಲಿಯುತ್ತಿರಲಿ, ಮಗು ತನ್ನ ಪಾಡಿಗೆ ಚಿತ್ರ ಬರೆಯುತ್ತಿರಲಿ, ನಡುನಡುವೆ ಮಾತು ಬರುತ್ತದೆ. ಅರ್ಧ ಡಚ್ ಸೇರಿಸಿ ಮಾತಾಡಿದರೆ ನಗಬೇಡಿ, ತಿದ್ದಲೂ ಬೇಡಿ. ಅಪ್ಪ ಅಮ್ಮ ಮನೆಯಲ್ಲಿ ಪೂರ್ತಿ ಕನ್ನಡದಲ್ಲೇ ಮಾತಾಡಿದರೆ ಡಚ್ ಕಲಿಕೆ ಹಿಂದೆ ಬೀಳುವುದಿಲ್ಲ. ನಮಗೇ ಸರಿಯಾಗಿ ಬಾರದ ಡಚ್ಚನ್ನು ಮಗುವಿನೊಂದಿಗೆ ಆಡುವುದಕ್ಕಿಂತ ಅದೇ ಒಳ್ಳೆಯದು.

9. ಊರಿಗೆ ಬರುವುದು, ಊರಿನವರನ್ನು ಕರೆಸುವುದು

ಮಗುವಿಗೆ ಐದು ತುಂಬಿದ ಮೇಲೆ ಶಾಲೆಯ ದಿನಗಳಲ್ಲಿ ಕರೆತಂದರೆ ದಂಡ ಬೀಳಬಹುದು. ಹಬ್ಬದ ದಿನಕ್ಕೆ ಮಾತ್ರ ಕಾನೂನಿನಲ್ಲೇ ಅವಕಾಶವಿದೆ: ಕನಿಷ್ಠ ಎರಡು ದಿನ ಮೊದಲು ಮುಖ್ಯ ಶಿಕ್ಷಕರಿಗೆ ತಿಳಿಸಿದರೆ ಸಾಮಾನ್ಯವಾಗಿ ಒಂದು ಹಬ್ಬಕ್ಕೆ ಒಂದು ದಿನ ರಜೆ. ಹಾಸನಾಂಬೆಯ ದರ್ಶನಕ್ಕೆ ಅದು ಸಾಲದು. ದೇವಿಯ ಬಾಗಿಲು ತೆರೆಯುವುದು ಆಶ್ವಯುಜ ಹುಣ್ಣಿಮೆಯ ನಂತರದ ಮೊದಲ ಗುರುವಾರ, 2025ರಲ್ಲಿ ಅಕ್ಟೋಬರ್ 9. ಅಲ್ಲಿನ ಶರತ್ಕಾಲದ ಒಂದು ವಾರದ ರಜೆಯೂ ಆ ಆಸುಪಾಸಿನಲ್ಲೇ ಬರುತ್ತದೆ, ಒಂದೊಂದು ಭಾಗಕ್ಕೆ ಒಂದೊಂದು ತಾರೀಕು. ಪಂಚಾಂಗ ಮತ್ತು ಶಾಲೆಯ ಕ್ಯಾಲೆಂಡರ್ ಎರಡನ್ನೂ ಹರಡಿಕೊಂಡು ನೋಡಿ. ಅಲ್ಲಿನ ಬೇಸಿಗೆಯ ಆರು ವಾರದ ರಜೆಗೆ ಮಲೆನಾಡಿನಲ್ಲಿ ಜಡಿಮಳೆ. ಕ್ರಿಸ್‌ಮಸ್‌ನ ಎರಡು ವಾರವೇ ಮೇಲು: ಒಳ್ಳೆಯ ಬಿಸಿಲು, ತೋಟದಲ್ಲಿ ಕಾಫಿ ಕೊಯ್ಲು, ಮಕ್ಕಳಿಗೆ ಬೇಕಾದಷ್ಟು ಆಟ. ಟಿಕೆಟ್ ದರ ಮಾತ್ರ ಆಗ ಏರಿರುತ್ತದೆ.

ಅಜ್ಜಿ ತಾತನನ್ನು ಕರೆಸಿಕೊಳ್ಳುವುದಾದರೆ ಯೂರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾದಲ್ಲಿ 180 ದಿನದಲ್ಲಿ 90 ದಿನ ಇರಬಹುದು. ಮನೆ ಸೇರಿದ ತಿಂಗಳಲ್ಲೇ ಕರೆಸಬೇಡಿ, ನಿಮಗೇ ಬಸ್ಸಿನ ದಾರಿ ಗೊತ್ತಿರುವುದಿಲ್ಲ. ಚಳಿಗಾಲವೂ ಬೇಡ. ತೋಟದ ಮನೆಯವರಾದರೆ ಕೊಯ್ಲು ಮುಗಿದು, ಹೂಮಳೆಯೂ ಆದ ಮೇಲೆ, ಮೇ ತಿಂಗಳಲ್ಲಿ ಹೊರಡುವುದು ಇಬ್ಬರಿಗೂ ಅನುಕೂಲ. ಅವರ ಖರ್ಚಿನ ಹೊಣೆ ನೀವು ಹೊರುವುದಾದರೆ ಖಾತರಿ ಪತ್ರಕ್ಕೆ ಅಲ್ಲಿನ ನಗರಸಭೆಯಲ್ಲಿ ಸಹಿ ದೃಢೀಕರಿಸಿ ಕಳಿಸಬೇಕು. ಕನಿಷ್ಠ 30,000 ಯೂರೊ ವೈದ್ಯಕೀಯ ರಕ್ಷಣೆಯಿರುವ ಪ್ರವಾಸ ವಿಮೆ ಕಡ್ಡಾಯ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಪೂರ್ತಿ ಅವಧಿಗೆ ಸಾಕಾಗುವಷ್ಟು ತರಲಿ, ಜೊತೆಗೆ ಕಂಪನಿಯ ಹೆಸರಿನ ಬದಲು ಔಷಧದ ಮೂಲ ಹೆಸರು ಬರೆದ ಡಾಕ್ಟರ ಚೀಟಿ ಇರಲಿ. ತುಪ್ಪದ ಡಬ್ಬಿ ಅವರ ಚೀಲದಲ್ಲೂ ಬೇಡ ಎಂದು ಹೊರಡುವ ಹಿಂದಿನ ರಾತ್ರಿ ಇನ್ನೊಮ್ಮೆ ಫೋನ್ ಮಾಡಿ ಹೇಳಿ.