ಮೈಸೂರಿಂದ ಚೆನ್ನೈಗೆ ಕಾರಲ್ಲಿ, ಅಪ್ಪ ಅಮ್ಮನ ವೀಸಾ ಇಂಟರ್‌ವ್ಯೂಗೆ

ಅಮೆರಿಕ ವೀಸಾ ಇಂಟರ್‌ವ್ಯೂಗೆ ಅಂತ ಚೆನ್ನೈಗೆ ಸ್ವಂತ ಕಾರಲ್ಲಿ ಹೋಗೋರು ಮೊದಲು ತೀರ್ಮಾನ ಮಾಡ್ಕೋಬೇಕಾಗಿರೋದು ಕಾರು ಎಲ್ಲಿ ನಿಲ್ಲಿಸ್ತೀವಿ ಅನ್ನೋದನ್ನ, ರೂಟು ಆಮೇಲೆ ನೋಡ್ಕೋಬಹುದು. ಇಂಟರ್‌ವ್ಯೂ ನಡೆಯೋ ಅಮೆರಿಕ ಕಾನ್ಸುಲೇಟ್ ಗೇಟ್ ತನಕ ಡ್ರೈವ್ ಮಾಡ್ಕೊಂಡು ಹೋಗ್ತೀನಿ ಅನ್ನೋ ಆಸೆ ಇದ್ರೆ ಮನೇಲೇ ಬಿಟ್ಟು ಬನ್ನಿ. ಅಲ್ಲಿ ಪಾರ್ಕಿಂಗ್ ಇಲ್ಲ, ಒಂದ್ನಿಮಿಷ ನಿಂತ್ರೆ ಪೊಲೀಸರು ಬಂದು ಬಾನೆಟ್ ತಟ್ತಾರೆ.

ಟ್ರೈನ್ ಇಲ್ವಾ ಅಂತ ಎಲ್ರೂ ಕೇಳಿದ್ರು. ಇದೆ, ಮೈಸೂರು ಚೆನ್ನೈ ವಂದೇ ಭಾರತ್ 2022ರಿಂದ ಓಡ್ತಿದೆ, ಶತಾಬ್ದಿನೂ ಇದೆ, ಆದ್ರೆ ಅಪ್ಪಂಗೆ ಮಂಡಿ ನೋವು, ಗಂಟೆಗೊಂದ್ಸಲ ಇಳಿದು ನಾಲ್ಕು ಹೆಜ್ಜೆ ಓಡಾಡದೆ ಇದ್ರೆ ಆಮೇಲೆ ಎದ್ದೇಳೋದೇ ಕಷ್ಟ, ಅದಕ್ಕೇ ಕಾರು. ಬೆಂಗಳೂರಲ್ಲೇ ಮುಗಿಯುತ್ತೆ ಅಂತ ಅಮ್ಮ ಅಂದ್ಕೊಂಡಿದ್ರು. 2025ರ ಜನವರಿಯಲ್ಲಿ ಅಲ್ಲಿ ಕಾನ್ಸುಲೇಟ್ ಉದ್ಘಾಟನೆ ಆಗಿದ್ದೇನೋ ನಿಜ, ಆದ್ರೆ ನಾವು ಹೋದಾಗ ವೀಸಾ ಕೆಲಸ ಇನ್ನೂ ಶುರುವಾಗಿರ್ಲಿಲ್ಲ, ಚೆನ್ನೈನೇ ಗತಿ. ವಿಸಿಟರ್ ವೀಸಾ ಫೀಸು ತಲೆಗೆ 185 ಡಾಲರ್, ವಾಪಸ್ ಬರಲ್ಲ, ಇಂಟರ್‌ವ್ಯೂ ಸ್ಲಾಟ್ ಸಿಗೋಕೇ ಕಾದು ಕಾದು ಸಾಕಾಗಿತ್ತು, ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡು ಅದನ್ನ ಕಳ್ಕೊಳ್ಳೋದು ಯಾರಿಗೆ ಬೇಕು.

ಎರಡು ಅಪಾಯಿಂಟ್‌ಮೆಂಟ್ ಇರುತ್ತೆ, ಇದು ಹೊಸಬರಿಗೆ ಗೊತ್ತಿರಲ್ಲ. ಮೊದಲು ವಿಎಸಿ, ಅಂದ್ರೆ ವೀಸಾ ಅಪ್ಲಿಕೇಶನ್ ಸೆಂಟರ್ ಅಂತ ಬೇರೆ ಜಾಗದಲ್ಲಿ ಬೆರಳಚ್ಚು, ಫೋಟೋ. ಆಮೇಲೆ ಕಾನ್ಸುಲೇಟ್‌ನಲ್ಲಿ ಇಂಟರ್‌ವ್ಯೂ. ನಾವು ಎರಡನ್ನೂ ಚೆನ್ನೈಲೇ ಹಿಂದೆ ಮುಂದೆ ದಿನ ಇಟ್ಕೊಂಡು, ಅದಕ್ಕೂ ಒಂದು ದಿನ ಮುಂಚೆ ಊರು ಸೇರೋ ಹಾಗೆ ಹೊರಟ್ವಿ. ಅದೇ ದಿನ ಐನೂರು ಕಿಲೋಮೀಟರ್ ಹತ್ತಿರ ಓಡಿಸ್ಕೊಂಡು ಬಂದು ಅದೇ ದಿನ ಬೆರಳಚ್ಚು ಕೊಡ್ತೀನಿ ಅನ್ನೋದು ನನ್ನ ಪ್ರಕಾರ ಹುಚ್ಚುತನ.

ಬೆಳಗಿನ ಜಾವ ನಾಲ್ಕಕ್ಕೆ ಮೈಸೂರು ಬಿಟ್ಟು, ಎಕ್ಸ್‌ಪ್ರೆಸ್‌ವೇ, ಆಮೇಲೆ ಬೆಂಗಳೂರು ಒಳಗೆ ಹೋಗದೆ ನೈಸ್ ರೋಡ್ ಹಿಡಿದು ಎಲೆಕ್ಟ್ರಾನಿಕ್ ಸಿಟಿ ಕಡೆ ಇಳಿದು ಹೊಸೂರು. ಕೃಷ್ಣಗಿರಿಯಲ್ಲಿ ಸೇಲಂ ರೋಡ್ ಬಿಟ್ಟು ಎಡಕ್ಕೆ ತಿರುಗಿದ್ರೆ ವಾಣಿಯಂಬಾಡಿ, ಆಂಬೂರು, ವೆಲ್ಲೂರು. ಇಲ್ಲಿ ತನಕ ಏನೂ ಹೇಳೋ ಹಾಗಿಲ್ಲ, ರೋಡ್ ಬೆಣ್ಣೆ. ಆಂಬೂರಲ್ಲಿ ಬಿರಿಯಾನಿ ಬೋರ್ಡ್ ಸಾಲು ಸಾಲು, ನಾವು ಮೊಸರನ್ನದ ಡಬ್ಬಿ ಬಿಚ್ಚೋ ಜನ, ಸುಮ್ನೆ ದಾಟಿದ್ವಿ.

ವಾಲಾಜಾಪೇಟೆ ಆದ್ಮೇಲೆ ಕತೆ ಬೇರೆ. ರೋಡ್ ಅಗಲ ಮಾಡೋ ಕೆಲಸ ವರ್ಷಗಟ್ಟಲೆಯಿಂದ ನಡೀತಾನೇ ಇದೆ, ಅಲ್ಲಲ್ಲಿ ಸರ್ವಿಸ್ ರೋಡಿಗೆ ಇಳಿಸ್ತಾರೆ, ಲಾರಿ ಹಿಂದೆ ಲಾರಿ. ಶ್ರೀಪೆರಂಬುದೂರು ಸುತ್ತ ಪೂರ್ತಿ ಫ್ಯಾಕ್ಟರಿ, ಶಿಫ್ಟ್ ಬಿಟ್ಟ ಹೊತ್ತಲ್ಲಿ ಕಂಪನಿ ಬಸ್ಸುಗಳು ಮೂರೂ ಲೇನ್ ತುಂಬ್ಕೊಂಡು ಬರ್ತವೆ, ಅವಕ್ಕೆ ಜಾಗ ಬಿಡದೆ ಬೇರೆ ದಾರಿ ಇಲ್ಲ. ಅದಕ್ಕೇ ನನ್ನ ಲೆಕ್ಕ ಇಡೀ ದಿನಕ್ಕೆ ಒಂದೇ ಇತ್ತು, ಮಧ್ಯಾಹ್ನ ಮೂರರೊಳಗೆ ಚೆನ್ನೈ ಅಂಚಿನ ಪೂನಮಲ್ಲಿ ದಾಟಬೇಕು. ಊಟ ಬೇಗ ಮುಗಿಸಿದ್ದು, ಕಾಫಿಗೆ ಅಂತ ಎರಡನೇ ಸಲ ನಿಲ್ಲಿಸದೆ ಇದ್ದಿದ್ದು, ಎಲ್ಲ ಅದಕ್ಕೋಸ್ಕರ. ನಾಲ್ಕೂವರೆ ಆಯ್ತು ಅಂದ್ರೆ ಸ್ಕೂಲು, ಆಫೀಸು ಬಿಟ್ಟು ಮಹಾನಗರ ಎದುರಿಗೆ ಬರುತ್ತೆ.

ಪೂನಮಲ್ಲಿ ಹತ್ರ ಮ್ಯಾಪ್ ಪೋರೂರು, ಕತ್ತಿಪಾರ ಮೇಲೆ ಹೋಗು ಅಂತಿತ್ತು. ಹೋಗ್ಲಿಲ್ಲ. ಆ ಕಡೆ ಮೆಟ್ರೊ ಎರಡನೇ ಹಂತದ ಕೆಲಸದ ಬ್ಯಾರಿಕೇಡ್, ಅದು ಮುಗಿದ್ರೆ ಕತ್ತಿಪಾರ. ಅದು ನಾಲ್ಕೂ ಕಡೆಯಿಂದ ರೋಡ್ ಬಂದು ಸುತ್ತಿಕೊಳ್ಳೋ ದೊಡ್ಡ ಕ್ಲೋವರ್‌ಲೀಫ್, ಒಂದು ಲೂಪ್ ತಪ್ಪಿದ್ರೆ ಏರ್‌ಪೋರ್ಟ್ ಕಡೆ ಇರ್ತೀರ ಇಲ್ಲಾ ವಡಪಳನಿ ಕಡೆ, ವಾಪಸ್ ತಿರುಗೋಕೆ ಎಷ್ಟು ದೂರ ಹೋಗ್ಬೇಕೋ. ನಾನು ಹಿಂದಿನ ದಿನ ರಾತ್ರಿನೇ ಮನೇಲಿ ಕೂತು ಮ್ಯಾಪ್ ಝೂಮ್ ಮಾಡಿ ನೋಡಿ, ಮದುರವಾಯಲ್, ಕೋಯಂಬೇಡು, ಅಮಿಂಜಿಕರೈ, ನೆಲ್ಸನ್ ಮಾಣಿಕ್ಕಂ ರೋಡ್, ನುಂಗಂಬಾಕ್ಕಂ ಅಂತ ಹೆಸರುಗಳನ್ನ ಒಂದು ಹಾಳೆಗೆ ದೊಡ್ಡದಾಗಿ ಬರೆದು ಅಪ್ಪನ ಕೈಗೆ ಕೊಟ್ಟಿದ್ದೆ. ಬೋರ್ಡ್ ಓದೋದು ಅವರ ಕೆಲಸ, ರೋಡ್ ನೋಡೋದು ನಂದು. ಅಪ್ಪ ರಿಟೈರ್ಡ್ ಮೇಷ್ಟ್ರು, ಒಂದೊಂದು ಹೆಸರು ಬಂದಾಗ್ಲೂ ಹಾಜರಿ ಹಾಕೋ ಥರ ಟಿಕ್ ಹಾಕ್ತಿದ್ರು. ನಿಜ ಹೇಳ್ಬೇಕಂದ್ರೆ ಗುರುತಿಲ್ಲದ ಊರಲ್ಲಿ ಫೋನಿನ ಹೆಂಗಸಿನ ದನಿಗಿಂತ ಪಕ್ಕದಲ್ಲಿ ಕೂತು ಮುಂದಿನ ಬೋರ್ಡ್ ಹೆಸರು ಹೇಳೋ ಒಬ್ಬರು ಇದ್ರೆ ಎಷ್ಟೋ ಧೈರ್ಯ, ಯಾಕಂದ್ರೆ ಫೋನ್ ತಿರುವು ದಾಟಿದ್ಮೇಲೆ ತಿರುಗು ಅಂತ ಹೇಳುತ್ತೆ.

ಜೆಮಿನಿ ಫ್ಲೈಓವರ್ ಹತ್ರ ಅದೇ ಆಯ್ತು. ಅದರ ಸರಿಯಾದ ಹೆಸರು ಅಣ್ಣಾ ಫ್ಲೈಓವರ್, 1973ರಲ್ಲಿ ಕಟ್ಟಿದ್ದು, ಆದ್ರೆ ಇವತ್ತಿಗೂ ಆಟೋದವರಿಗೆ ಜೆಮಿನಿ ಅಂದ್ರೇನೇ ತಿಳಿಯೋದು, ಅಣ್ಣಾ ಸಾಲೈಗೂ ಮೌಂಟ್ ರೋಡ್ ಅಂದ್ರೇನೇ. ಮೇಲೆ ಹತ್ತಬೇಕೋ ಕೆಳಗೆ ಉಳೀಬೇಕೋ ಅಂತ ಮ್ಯಾಪ್‌ಗೆ ಗೊತ್ತಾಗಲ್ಲ, ಬಾಣ ಎರಡಕ್ಕೂ ಒಂದೇ ಥರ ಕಾಣುತ್ತೆ. ಮೇಲೆ ಹತ್ತಿಬಿಟ್ರೆ ಕಾನ್ಸುಲೇಟ್ ಪಕ್ಕದಲ್ಲೇ ಹಾದು ಹೋಗುತ್ತೆ, ಇಳಿಯೋಕಾಗಲ್ಲ. ನಾವು ಕೆಳಗೇ ಉಳಿದು ಸಿಗ್ನಲ್ ದಾಟಿ ಕೆಥೆಡ್ರಲ್ ರೋಡಿಗೆ ಬಂದ್ವಿ, ಅದೇ ರೋಡ್ ಮುಂದೆ ರಾಧಾಕೃಷ್ಣನ್ ಸಾಲೈ ಆಗುತ್ತೆ, ನಮ್ಮ ಹೋಟೆಲ್ ಅಲ್ಲಿ.

ಹೋಟೆಲ್ ಆರಿಸುವಾಗ ನಾನು ಫೋನ್ ಮಾಡಿ ಕೇಳಿದ್ದು ರೂಮ್ ಬಗ್ಗೆ ಅಲ್ವೇ ಅಲ್ಲ. ಪಾರ್ಕಿಂಗ್ ನಿಮ್ಮ ಕಾಂಪೌಂಡ್ ಒಳಗಾ ರೋಡ್ ಮೇಲಾ, ರಾತ್ರಿ ಬೇರೆ ಕಾರಿಗೆ ಜಾಗ ಮಾಡೋಕೆ ಕೀ ಕೇಳ್ತೀರಾ, ಎರಡು ದಿನ ಅಲ್ಲೇ ಬಿಡಬಹುದಾ, ಇಷ್ಟೇ. ಆನ್‌ಲೈನಲ್ಲಿ ಪಾರ್ಕಿಂಗ್ ಇದೆ ಅಂತ ಬರೆದಿರೋ ಎಷ್ಟೋ ಕಡೆ ಕೇಳಿದ್ರೆ ಮೂರು ಕಾರಿಗೆ ಜಾಗ ಇರುತ್ತೆ, ಮೊದಲು ಬಂದೋರಿಗೆ. ಕಾರು ನಿಲ್ಲಿಸಿ ಕೀ ತಗೊಂಡ್ಮೇಲೆ ವಾಪಸ್ ಹೊರಡೋ ತನಕ ಅದನ್ನ ಮುಟ್ಟಲಿಲ್ಲ. ಚೆನ್ನೈ ಒಳಗಿನ ಓಡಾಟ ಎಲ್ಲ ಆಟೋ, ವಿಎಸಿ ಕೆಲಸಾನೂ ಹಾಗೇ ಸಲೀಸಾಗಿ ಮುಗೀತು. ಹೋಟೆಲಲ್ಲಿ ಪಾರ್ಕಿಂಗ್ ಸಿಗಲಿಲ್ಲ ಅಂದ್ರೆ ಊರಾಚೆ ಕಡೆ ಮೆಟ್ರೊ ಸ್ಟೇಷನ್ ಹತ್ತಿರ ಉಳ್ಕೊಂಡು ಮೆಟ್ರೊದಲ್ಲಿ ಬರಬಹುದು, ತೌಸಂಡ್ ಲೈಟ್ಸ್ ಇಲ್ಲಾ ಎಜಿ ಡಿಎಂಎಸ್ ಸ್ಟೇಷನ್ನಲ್ಲಿ ಇಳಿಬೇಕು, ಅಪ್ಪಂಗೆ ನಡಿಯೋಕಾಗಲ್ಲ ಅಂತ ನಾವು ಆ ಯೋಚನೆ ಬಿಟ್ವಿ.

ಇಂಟರ್‌ವ್ಯೂ ಹಿಂದಿನ ದಿನ ಬೆಳಗ್ಗೆ, ಮಾರನೇ ದಿನ ಹೋಗ್ಬೇಕಾದ ಹೊತ್ತಿಗೇ, ನಾನೊಬ್ಬಳೇ ಆಟೋದಲ್ಲಿ ಹೋಗಿ ಜಾಗ ನೋಡ್ಕೊಂಡು ಬಂದೆ. ಸಂಜೆ ನೋಡಿದ್ರೆ ಪ್ರಯೋಜನ ಇಲ್ಲ, ಬೆಳಗಿನ ಟ್ರಾಫಿಕ್ ಬೇರೆ, ಸಾಲು ಎಲ್ಲಿ ನಿಲ್ಲುತ್ತೆ ಅನ್ನೋದೂ ಬೆಳಗ್ಗೆನೇ ಕಾಣೋದು. ಕಾನ್ಸುಲೇಟ್ ಎದುರಿಗೇ ಸೆಮ್ಮೊಳಿ ಪೂಂಗಾ ಅಂತ ದೊಡ್ಡ ಪಾರ್ಕು. ಅದಿರೋ ಜಾಗದಲ್ಲಿ ಮೊದಲು ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಇತ್ತು, ಉಡುಪಿ ಕಡೆಯ ಕೃಷ್ಣರಾಯರು 1962ರಲ್ಲಿ ಶುರು ಮಾಡಿದ್ದು, ಜನ ಕಾರಲ್ಲೇ ಕೂತು ದೋಸೆ ತಿಂತಿದ್ರಂತೆ, 2008ರಲ್ಲಿ ಮುಚ್ತು. ಚೆನ್ನೈಲಿ ಕಾರು ನಿಲ್ಲಿಸೋಕೆ ಜಾಗ ಕೊಟ್ಟು ಮೇಲೆ ತಿಂಡಿನೂ ಕೊಟ್ಟೋರು ನಮ್ಮೋರು ಅಂತ ಅಮ್ಮಂಗೆ ಹೇಳಿದ್ದಕ್ಕೆ ಬಹಳ ಖುಷಿ.

ಇಂಟರ್‌ವ್ಯೂ ದಿನದ ದೊಡ್ಡ ತಲೆನೋವು ಫೋನು. ಒಳಗೆ ಫೋನ್ ಬಿಡಲ್ಲ, ಸ್ಮಾರ್ಟ್ ವಾಚ್ ಬಿಡಲ್ಲ, ಬ್ಯಾಗ್ ಬಿಡಲ್ಲ, ಅಲ್ಲಿ ಇಟ್ಕೊಳ್ಳೋ ವ್ಯವಸ್ಥೆನೂ ಇಲ್ಲ. ಜೊತೆಗೆ ಬಂದೋರನ್ನ ಸಾಮಾನ್ಯವಾಗಿ ಒಳಗೆ ಬಿಡಲ್ಲ. ಅಂದ್ರೆ ಹೊರಗೆ ಬಂದ ವಯಸ್ಸಾದ ಇಬ್ಬರು ಆ ಗದ್ದಲದಲ್ಲಿ ನನ್ನನ್ನ ಹೇಗೆ ಹುಡುಕೋದು? ಪಾರ್ಕಿನ ಗೇಟ್ ಹತ್ರ ಇರ್ತೀನಿ, ಎಷ್ಟೇ ಹೊತ್ತಾದ್ರೂ ಅಲ್ಲಿಂದ ಕದಲಲ್ಲ, ನೀವಾಗಿ ರೋಡ್ ದಾಟಬೇಡಿ ನಾನೇ ಬರ್ತೀನಿ ಅಂತ ಹೇಳಿ, ನನ್ನ ನಂಬರು, ಹೋಟೆಲ್ ಹೆಸರು, ಅಡ್ರೆಸ್ಸು ಬರೆದ ಚೀಟಿ ಇಬ್ಬರಿಗೂ ಒಂದೊಂದು ಕೊಟ್ಟೆ. "ನಾನೇನು ಜಾತ್ರೇಲಿ ಕಳೆದ್ಹೋಗೋ ಮಗುನಾ ಪುಟ್ಟಿ?" ಅಂದ್ರು ಅಪ್ಪ, ಆದ್ರೂ ಮಡಚಿ ಜೇಬಿಗೆ ಹಾಕ್ಕೊಂಡ್ರು. ಪಾಸ್‌ಪೋರ್ಟು, ಹಳೇ ಪಾಸ್‌ಪೋರ್ಟು, ಡಿಎಸ್-160 ಅನ್ನೋ ವೀಸಾ ಅರ್ಜಿಯ ಕನ್ಫರ್ಮೇಶನ್ ಹಾಳೆ, ಅಪಾಯಿಂಟ್‌ಮೆಂಟ್ ಪ್ರಿಂಟು ಒಂದು ಪಾರದರ್ಶಕ ಫೈಲಲ್ಲಿ. ಒಬ್ಬರೇ ಕಾರು ಓಡಿಸ್ಕೊಂಡು ಬಂದು ತಾವೇ ಇಂಟರ್‌ವ್ಯೂ ಕೊಡೋರು ರಿಮೋಟ್ ಕೀ, ಫೋನು ಎಲ್ಲ ರೂಮಲ್ಲೇ ಬಿಟ್ಟು ಆಟೋಗೆ ಚಿಲ್ಲರೆ ಮಾತ್ರ ಇಟ್ಕೊಂಡು ಹೋಗಿ.

ತೀರಾ ಬೇಗ ಹೋದ್ರೂ ಒಳಗೆ ಸೇರಿಸಲ್ಲ, ಬಿಸಿಲಲ್ಲಿ ನಿಲ್ಲಬೇಕು ಅಷ್ಟೇ. ಸ್ಲಾಟ್‌ಗೆ ಅರ್ಧ ಗಂಟೆ ಇರೋ ಹಾಗೆ ಇಳಿಸಿದ್ದು ಸರಿಹೋಯ್ತು. ಮಧ್ಯದಲ್ಲಿ ಏನಾಯ್ತೋ ನಂಗೊತ್ತಿಲ್ಲ, ಅಪ್ಪನ ಪ್ರಕಾರ ಯಾರನ್ನ ನೋಡೋಕೆ ಹೋಗ್ತಿದೀರಿ, ಎಷ್ಟು ದಿನ ಇರ್ತೀರಿ, ಏನ್ ಕೆಲಸ ಮಾಡ್ತಿದ್ರಿ, ಇಷ್ಟೇ ಕೇಳಿದ್ದು, ಎರಡು ನಿಮಿಷ. ಪಾಸ್‌ಪೋರ್ಟ್ ಇಟ್ಕೊಂಡ್ರು, ವೀಸಾ ಅಪ್ರೂವ್ ಆಯ್ತು ಅಂದ್ರಂತೆ.

ಹೋಗೋರು ಅಕ್ಟೋಬರಿಂದ ಡಿಸೆಂಬರ್ ಮಧ್ಯೆ ಸ್ಲಾಟ್ ಸಿಕ್ಕಿದ್ರೆ ಇನ್ನೊಂದು ದಿನ ಮುಂಚೆನೇ ಹೊರಡಿ, ಆಗ ಅಲ್ಲಿ ಹಿಂಗಾರು ಮಳೆ, ಜೋರು ಬಂದ್ರೆ ದುರೈಸ್ವಾಮಿ ಸಬ್‌ವೇ ಥರದ ಅಂಡರ್‌ಪಾಸ್‌ಗಳಲ್ಲಿ ನೀರು ನಿಂತು ಮುಚ್ಚಿಬಿಡ್ತಾರೆ, ಮ್ಯಾಪ್ ಅದೇ ದಾರಿ ತೋರಿಸ್ತಾ ಇರುತ್ತೆ. ಇಂಟರ್‌ವ್ಯೂ ಮುಗಿದ ಖುಷಿಲಿ ಅವತ್ತು ಸಂಜೆನೇ ಹೊರಡೋದೂ ಬೇಡ, ನಾವು ಮಾರನೇ ದಿನ ಐದಕ್ಕೆ ಬಿಟ್ವಿ, ಕೋಯಂಬೇಡು ತನಕ ಖಾಲಿ ರೋಡು. ಪಾಸ್‌ಪೋರ್ಟ್‌ಗೆ ಅಂತ ಮತ್ತೆ ಚೆನ್ನೈಗೆ ಹೋಗೋ ಕೆಲಸ ಇರಲಿಲ್ಲ, ಸ್ಲಾಟ್ ಬುಕ್ ಮಾಡುವಾಗಲೇ ಬೆಂಗಳೂರಲ್ಲಿ ತಗೋತೀವಿ ಅಂತ ಹಾಕಿದ್ವಿ, ಅದನ್ನ ತರೋಕೆ ಅಪ್ಪ ಒಬ್ಬರೇ ಟ್ರೈನಲ್ಲಿ ಹೋಗಿ ಬಂದ್ರು.