ದಡದಂಚಿನ ಸುಳ್ಳು ಹರಿವು ಸರಿಹೋದದ್ದು ಹೀಗೆ

ಗೋವಾ ಕರಾವಳಿಗೆಂದು ಬರೆದ ಒಂದೇ ಪದರದ ಸಾಗರದ ಕಂಪ್ಯೂಟರ್ ಮಾದರಿ ಸಮುದ್ರವನ್ನು ಚೌಕ ಕೋಶಗಳಾಗಿ ಹಂಚುತ್ತದೆ; ಅದರಲ್ಲಿ ದಡಕ್ಕೆ ತಾಗಿದ ಕೋಶಗಳಲ್ಲಿ ಮಾತ್ರ ಹರಿವು ವಿಪರೀತ ಜೋರಾಗುತ್ತಿತ್ತು. ಗಾಳಿಯ ಡೇಟಾ, ಟೈಮ್ ಸ್ಟೆಪ್, ಘರ್ಷಣೆ ಬದಲಿಸಿದರೂ ಜಗ್ಗಲಿಲ್ಲ. ತಪ್ಪಿದ್ದದ್ದು ಪೊಟೆನ್ಷಿಯಲ್ ವೋರ್ಟಿಸಿಟಿಯ (ಪಿವಿ) ಲೆಕ್ಕದಲ್ಲಿ.

ಭೂಮಿಯ ತಿರುಗುವಿಕೆಯ ಸುಳಿಗೆ ನೀರಿನ ಸ್ವಂತ ಸುಳಿ ಕೂಡಿಸಿ ಆಳದಿಂದ ಭಾಗಿಸಿದರೆ ಪಿವಿ. ಸಿ-ಗ್ರಿಡ್‌ನಲ್ಲಿ, ಅಂದರೆ ವೇಗವನ್ನು ಕೋಶದ ಅಂಚುಗಳಲ್ಲಿ ಇಡುವ ಜೋಡಣೆಯಲ್ಲಿ, ಪಿವಿ ಕೂರುವುದು ಕೋಶದ ಮೂಲೆಯಲ್ಲಿ, ಆಳ ಇರುವುದು ಕೋಶದ ನಡುವೆ. ಹಾಗಾಗಿ ಸುತ್ತಲಿನ ನಾಲ್ಕು ಆಳಗಳ ಸರಾಸರಿ ಬೇಕು. ದಡದ ಮೂಲೆಯಲ್ಲಿ ಎರಡು ಕೋಶ ನೆಲ, ಅಲ್ಲಿ ಆಳ ಸೊನ್ನೆ. 100 ಮೀಟರ್ ಇರಬೇಕಾದದ್ದು 50 ಆಯಿತು, ಪಿವಿ ಇಮ್ಮಡಿಸಿತು. ಫ್ರಾನ್ಸ್‌ನ ಹವಾಮಾನ ವಿಜ್ಞಾನಿ ಸ್ಯಾಡೌರ್ನಿ 1975ರಲ್ಲಿ ಕೊಟ್ಟ, ಎನ್‌ಸ್ಟ್ರೋಫಿ (ಸುಳಿಯ ತೀವ್ರತೆಯ ಒಟ್ಟು ಅಳತೆ) ಉಳಿಸುವ ಸೂತ್ರ ಈ ಮೂಲೆಯನ್ನೂ ಪಕ್ಕದಲ್ಲೇ ಸಮುದ್ರದೊಳಗಿರುವ ಮೂಲೆಯನ್ನೂ ಸರಾಸರಿ ಮಾಡುತ್ತದೆ. ಹಾಗಾಗಿ ದಡದುದ್ದದ ಹರಿವಿನ ಸಮೀಕರಣದಲ್ಲಿ, ಭೂಮಿ ತಿರುಗುವುದರಿಂದ ಹರಿವನ್ನು ಪಕ್ಕಕ್ಕೆ ತಳ್ಳುವ ಕೊರಿಯೊಲಿಸ್ ಬಲ ಒಂದೂವರೆ ಪಟ್ಟಾಗಿಬಿಡುತ್ತದೆ.

ಪರಿಹಾರ ಸರಳ: ನೀರಿರುವ ಕೋಶಗಳ ಆಳವನ್ನಷ್ಟೇ ಕೂಡಿಸಿ, ಅವುಗಳ ಸಂಖ್ಯೆಯಿಂದಲೇ ಭಾಗಿಸಿ, ನಾಲ್ಕರಿಂದಲ್ಲ. ನಾಲ್ಕೂ ನೆಲವಾದರೆ ಪಿವಿ ಸೊನ್ನೆ ಇಡಿ.

ಪರೀಕ್ಷೆಗೆ ಗಾಳಿ ನಿಲ್ಲಿಸಿ, ನಿಂತ ನೀರು, ಸಮತಟ್ಟಾದ 100 ಮೀಟರ್ ತಳ ಕೊಡಿ. 15.5 ಡಿಗ್ರಿ ಉತ್ತರದ ಸಾಲಿನಲ್ಲಿ ದಡದ ಮೂಲೆಯೂ ಸೇರಿ ಎಲ್ಲೆಡೆ ಪಿವಿ 3.9×10⁻⁷ ಬರಬೇಕು, ಪ್ರತಿ ಮೀಟರ್-ಸೆಕೆಂಡಿಗೆ. ದಡದಲ್ಲಿ 7.8×10⁻⁷ ಕಂಡರೆ ನೆಲದ ಕೋಶ ಇನ್ನೂ ಲೆಕ್ಕದೊಳಗಿದೆ. ಗಾಳಿ ಹಾಕುವ ಮುಂಚೆ ಈ ಒಂದು ಸಾಲನ್ನು ಪ್ರಿಂಟ್ ಮಾಡಿ ನೋಡಲೇಬೇಕು.