ಮೌಸ್ ಡ್ರೈವರ್ ಕೈಕೊಟ್ಟರೆ ಕೀಬೋರ್ಡ್ ಹಿಡಿಯಿರಿ

ಮೌಸ್ ನಿಂತ ತಕ್ಷಣ ಗಾಬರಿಯಾಗಿ ಪವರ್ ಬಟನ್ ಒತ್ತಿ ಹಿಡಿಯುವವರೇ ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ಸೇವ್ ಮಾಡದ ಕೆಲಸ ಅಷ್ಟೂ ಹೋಗುತ್ತದೆ. ಆಫೀಸಿನಲ್ಲಿ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದೇ ನನ್ನ ಕೆಲಸ. ಇಂಥ ಕರೆ ಬಂದಾಗ ನಾನು ಮೊದಲು ಹೇಳುವುದು ಒಂದೇ ಮಾತು: ಕೀಬೋರ್ಡ್ ಇನ್ನೂ ಇದೆ ಅಲ್ವಾ? ಕಂಟ್ರೋಲ್ ಮತ್ತು ಎಸ್ ಒತ್ತಿ ಸೇವ್ ಮಾಡಿಕೊಳ್ಳಿ. ಮಿಕ್ಕ ರಿಪೇರಿಯನ್ನೂ ಕೀಬೋರ್ಡಿನಿಂದಲೇ ಮಾಡಬಹುದು. ಇಲ್ಲಿ ಬರೆದಿರುವುದು ವಿಂಡೋಸ್ 10 ಮತ್ತು 11 ಇರುವವರಿಗೆ.

ಡ್ರೈವರ್ ಅಂದರೆ ಮೌಸ್ ಹೇಳಿದ್ದನ್ನು ವಿಂಡೋಸ್‌ಗೆ ಅರ್ಥವಾಗುವಂತೆ ಮಾಡುವ ಪುಟ್ಟ ಪ್ರೋಗ್ರಾಂ. ಅದಕ್ಕೆ ಕೈ ಹಾಕುವ ಮುಂಚೆ ತಪ್ಪು ಅದರದೇನಾ ಎಂದು ನೋಡಿ. ಮೌಸನ್ನು ಬೇರೆ ಯುಎಸ್‌ಬಿ ಪೋರ್ಟ್‌ಗೆ ಹಾಕಿ. ಒಂದು ಪೋರ್ಟನ್ನು ಹಲವಾಗಿಸುವ ಹಬ್ ಇದ್ದರೆ ಅದನ್ನು ಬಿಟ್ಟು ನೇರವಾಗಿ ಕಂಪ್ಯೂಟರಿಗೇ ಚುಚ್ಚಿ. ಆಗಲೂ ಓಡದಿದ್ದರೆ ಇನ್ನೊಂದು ಕಂಪ್ಯೂಟರಿನಲ್ಲಿ ಪರೀಕ್ಷಿಸಿ. ಅಲ್ಲೂ ಓಡದಿದ್ದರೆ ಮೌಸೇ ಕೆಟ್ಟಿರುವ ಸಾಧ್ಯತೆ ಜಾಸ್ತಿ. ಒಂದು ಕ್ಲಿಕ್ ಮಾಡಿದರೆ ಎರಡು ಕ್ಲಿಕ್ ಆಗುವ ತೊಂದರೆಗೂ ಸುಮ್ನೆ ಡ್ರೈವರನ್ನು ದೂರುತ್ತಾರೆ. ಹೆಚ್ಚಾಗಿ ಅದು ಬಟನ್ ಕೆಳಗಿನ ಪುಟ್ಟ ಸ್ವಿಚ್ ಸವೆದದ್ದು.

ವೈರ್‌ಲೆಸ್ ಮೌಸ್ ತಡವರಿಸುತ್ತಿದ್ದರೆ ಬ್ಯಾಟರಿ ಬದಲಿಸಿ. ಬಳಿಕ ಕಂಪ್ಯೂಟರಿಗೆ ಚುಚ್ಚಿರುವ ಅದರ ಪುಟ್ಟ ರಿಸೀವರ್ ಎಲ್ಲಿದೆ ನೋಡಿ. ಇಂಥ ಎಷ್ಟೋ ಮೌಸ್‌ಗಳು 2.4 ಗಿಗಾಹರ್ಟ್ಸ್‌ನಲ್ಲಿ ಮಾತಾಡುತ್ತವೆ. ಯುಎಸ್‌ಬಿ 3.0 ಪೋರ್ಟ್‌ನಲ್ಲಿ ಹಾರ್ಡ್ ಡಿಸ್ಕ್ ಕೆಲಸ ಮಾಡುವಾಗ ಹೊರಡುವ ರೇಡಿಯೋ ಗದ್ದಲವೂ ಅದೇ ಆವರ್ತನದಲ್ಲಿ ಬೀಳುತ್ತದೆ. ರಿಸೀವರನ್ನೂ ಆ ಡಿಸ್ಕನ್ನೂ ದೂರ ದೂರ ಇಟ್ಟರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಇನ್ನೊಂದು ಕಂಪ್ಯೂಟರಿನಲ್ಲಿ ಮೌಸ್ ಚೆನ್ನಾಗಿ ಓಡಿತು ಅಂದರೆ ಈಗ ಡ್ರೈವರ್ ಸರದಿ. ಮೊದಲು ಒಂದು ರೀಸ್ಟಾರ್ಟ್. ವಿಂಡೋಸ್ ಕೀ ಮತ್ತು ಎಕ್ಸ್ ಒಟ್ಟಿಗೆ, ಆಮೇಲೆ ಯು, ಆಮೇಲೆ ಆರ್. ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡಿದರೆ ಇದೇ ಫಲ ಸಿಗುವುದಿಲ್ಲ. ಬೇಗ ಆನ್ ಆಗಲೆಂದು ಇರುವ ಫಾಸ್ಟ್ ಸ್ಟಾರ್ಟಪ್ ಸೌಲಭ್ಯ ಆನ್ ಇದ್ದರೆ ಶಟ್‌ಡೌನ್ ಹೊತ್ತಿನಲ್ಲಿ ವಿಂಡೋಸ್ ಡ್ರೈವರ್‌ಗಳ ಸ್ಥಿತಿಯನ್ನು ಡಿಸ್ಕ್‌ನಲ್ಲಿ ಉಳಿಸಿಕೊಂಡು, ಮತ್ತೆ ಅದನ್ನೇ ಎತ್ತಿಕೊಳ್ಳುತ್ತದೆ. ರೀಸ್ಟಾರ್ಟ್‌ನಲ್ಲಿ ಮಾತ್ರ ಎಲ್ಲವೂ ಹೊಸದಾಗಿ ಶುರುವಾಗುತ್ತದೆ.

ಅದಕ್ಕೂ ಬಗ್ಗದಿದ್ದರೆ ವಿಂಡೋಸ್ ಕೀ ಮತ್ತು ಎಕ್ಸ್ ಒತ್ತಿ, ಬಳಿಕ ಎಂ ಒತ್ತಿ. ಕಂಪ್ಯೂಟರಿನ ಸಾಧನಗಳ ಪಟ್ಟಿ ಇರುವ ಡಿವೈಸ್ ಮ್ಯಾನೇಜರ್ ತೆರೆಯುತ್ತದೆ. ಟ್ಯಾಬ್ ಒತ್ತಿ ಪಟ್ಟಿಯೊಳಗೆ ಹೋಗಿ. ಕೆಳಬಾಣದಿಂದ 'ಮೈಸ್ ಅಂಡ್ ಅದರ್ ಪಾಯಿಂಟಿಂಗ್ ಡಿವೈಸಸ್' ಸಾಲಿಗೆ ಇಳಿದು, ಬಲಬಾಣದಿಂದ ಅದನ್ನು ಬಿಡಿಸಿ. ಇಲ್ಲಿ ಸ್ವಲ್ಪ ನಿಧಾನಿಸಿ. 'ಎಚ್‌ಐಡಿ ಕಂಪ್ಲಯಂಟ್ ಮೌಸ್' ಎಂಬ ಒಂದೇ ಹೆಸರು ಎರಡು ಮೂರು ಸಾಲಿನಲ್ಲಿ ಇರಬಹುದು. ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಕೂಡ ಇಲ್ಲೇ ಕೂತಿರಬಹುದು. ನಿಮ್ಮ ಮೌಸ್ ಯಾವುದು? ಪಟ್ಟಿಯನ್ನು ನೋಡುತ್ತಲೇ ಮೌಸನ್ನು ಕಿತ್ತುಬಿಡಿ. ಯಾವ ಸಾಲು ಮಾಯವಾಯಿತೋ ಅದೇ ನಿಮ್ಮದು. ಮತ್ತೆ ಚುಚ್ಚಿದರೆ ಅದು ವಾಪಸ್ ಬರುತ್ತದೆ. ಊಹೆಯ ಮೇಲೆ ಯಾವುದನ್ನೂ ಅಳಿಸಬಾರದು.

ಆ ಸಾಲಿನ ಮೇಲೆ ನಿಂತು ಎಂಟರ್ ಒತ್ತಿದರೆ ಪ್ರಾಪರ್ಟೀಸ್ ಬರುತ್ತದೆ. ಡಿವೈಸ್ ಸ್ಟೇಟಸ್ ಪೆಟ್ಟಿಗೆಯನ್ನು ಓದಿ. ಕೋಡ್ 10 ಅಂದರೆ ಸಾಧನ ಶುರುವಾಗಲಿಲ್ಲ. ಕೋಡ್ 28 ಅಂದರೆ ಡ್ರೈವರ್ ಇನ್‌ಸ್ಟಾಲ್ ಆಗಿಲ್ಲ. ಕೋಡ್ 43 ಅಂದರೆ ಸಾಧನವೇ ತೊಂದರೆ ಇದೆ ಎಂದದ್ದಕ್ಕೆ ವಿಂಡೋಸ್ ಅದನ್ನು ನಿಲ್ಲಿಸಿದೆ. ಅಪ್‌ಡೇಟ್ ಆದ ಮೇಲೇ ತೊಂದರೆ ಶುರುವಾಗಿದ್ದರೆ ಕಂಟ್ರೋಲ್ ಮತ್ತು ಟ್ಯಾಬ್ ಒತ್ತಿ ಡ್ರೈವರ್ ಪುಟಕ್ಕೆ ಹೋಗಿ, 'ರೋಲ್ ಬ್ಯಾಕ್ ಡ್ರೈವರ್' ಆರಿಸಿ. ಆ ಬಟನ್ ಮಂಕಾಗಿದ್ದರೆ ಹಿಂದಿರುಗಲು ಹಳೆಯ ಡ್ರೈವರ್ ಉಳಿದಿಲ್ಲ ಎಂದರ್ಥ.

ಆಗ ಎಸ್ಕೇಪ್ ಒತ್ತಿ ಹೊರಬನ್ನಿ. ಅದೇ ಸಾಲಿನ ಮೇಲೆ ಡಿಲೀಟ್ ಒತ್ತಿ, ಕೇಳಿದ್ದಕ್ಕೆ ಒಪ್ಪಿಗೆ ಕೊಡಿ. ಮೌಸನ್ನು ಕಿತ್ತು ಮತ್ತೆ ಚುಚ್ಚಿ. ಸಾಮಾನ್ಯ ಮೌಸ್‌ಗೆ ಬೇಕಾದ ಡ್ರೈವರ್ ವಿಂಡೋಸ್‌ನಲ್ಲೇ ಇರುವುದರಿಂದ ಅದು ತಾನಾಗಿ ಕೂರುತ್ತದೆ. ಹೆಚ್ಚುವರಿ ಬಟನ್‌ಗಳಿರುವ ಮೌಸ್ ಆದರೆ ತಯಾರಕರ ತಾಣದಿಂದಲೇ ಸಾಫ್ಟ್‌ವೇರ್ ತೆಗೆದುಕೊಳ್ಳಿ. 'ಎಲ್ಲ ಡ್ರೈವರ್ ಒಂದೇ ಕ್ಲಿಕ್‌ನಲ್ಲಿ' ಎನ್ನುವ ಪ್ರೋಗ್ರಾಂಗಳನ್ನು ನಾನು ಯಾರ ಕಂಪ್ಯೂಟರಿಗೂ ಹಾಕುವುದಿಲ್ಲ. ಬೇಡದ್ದನ್ನೆಲ್ಲ ತುಂಬಿಸಿ, ನೆಟ್ಟಗಿರುವುದನ್ನೂ ಕೆಡಿಸುತ್ತವೆ.

ಇನ್ನೊಂದು ಕಾಟ ಇದೆ. ಲೆಕ್ಕಪತ್ರ ವಿಭಾಗದ ಮೇಡಂ ಒಬ್ಬರ ಮೌಸ್ ಊಟ ಮುಗಿಸಿ ಬಂದಾಗಲೆಲ್ಲ ನಿಂತಿರುತ್ತಿತ್ತು. ಕಿತ್ತು ಚುಚ್ಚಿದರೆ ಓಡುತ್ತಿತ್ತು. ಡ್ರೈವರ್ ಸರಿಯಾಗೇ ಇತ್ತು. ವಿದ್ಯುತ್ ಉಳಿಸಲು ವಿಂಡೋಸ್ ಆ ಪೋರ್ಟನ್ನು ಮಲಗಿಸಿ ಮತ್ತೆ ಎಬ್ಬಿಸುತ್ತಿರಲಿಲ್ಲ. ಡಿವೈಸ್ ಮ್ಯಾನೇಜರ್‌ನ ಕೊನೆಯ ಭಾಗದಲ್ಲಿ 'ಯೂನಿವರ್ಸಲ್ ಸೀರಿಯಲ್ ಬಸ್ ಕಂಟ್ರೋಲರ್ಸ್' ಬಿಡಿಸಿ, 'ಯುಎಸ್‌ಬಿ ರೂಟ್ ಹಬ್' ಮೇಲೆ ಎಂಟರ್ ಒತ್ತಿ. ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ, ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂಬ ಸಾಲಿನ ಟಿಕ್ ಅನ್ನು ಸ್ಪೇಸ್‌ಬಾರ್‌ನಿಂದ ತೆಗೆಯಿರಿ. ಒಂದಕ್ಕಿಂತ ಹೆಚ್ಚು ಹಬ್ ಇದ್ದರೆ ಎಲ್ಲಕ್ಕೂ ಹೀಗೇ ಮಾಡಿ.